ಚೀನಾಭಾಷೆಯ ಒಂದು ಲಕಾರ

ಪರಭಾಷೆಯನ್ನು ಕಲಿಯಹೊರಟವನಿಗೆ ದೊಡ್ಡ ದೊಡ್ಡ ಶಬ್ದಗಳು ಅಷ್ಟಾಗಿ ತೊಂದರೆಯನ್ನು ಕೊಡುವುದಿಲ್ಲ. ಅವುಗಳನ್ನು ನಿಘಂಟಿನಲ್ಲಿ ಹುಡುಕಿ, ಹತ್ತಾರು ಸಲ ಉರುಹಾಕಿ ನೆನಪಿನಲ್ಲಿಟ್ಟುಕೊಳ್ಳಬಹುದು. ನಿಜವಾಗಿ ಕಾಡತಕ್ಕವು ಅತ್ಯಲ್ಪವಾದ ಅವ್ಯಯಗಳು. ‘ಅವನು’ ಎಂಬ ಶಬ್ದವನ್ನು ಒಂದು ದಿನದಲ್ಲಿ ಕಲಿತ ಪರದೇಶೀಯನು ‘ಅವನೂ’, ‘ಅವನೇ’, ‘ಅವನೋ’ ಎಂಬ ಮೂರರ ಭೇದವನ್ನು ಕಲಿಯಲು ಒಂದು ವರ್ಷ ಪಡುವನು. ಶಬ್ದವು ಚಿಕ್ಕದಾದಷ್ಟೂ ಅದರ ಕೆಲಸವು ದೊಡ್ಡದೆಂಬುದು ಎಲ್ಲ ಭಾಷೆಗಳಿಗೂ ಸಾಮಾನ್ಯವಾದ ನಿಯಮವೆಂದು ತೋರುತ್ತದೆ.

ಚೀನಾಭಾಷೆಯಲ್ಲಿ ಈ ಸ್ಥಾನವು ‘ಲ’ ಎಂಬ ಒಂದು ಅಕ್ಷರಕ್ಕೆ ಸಂದಿದೆ. ಅವರ ಲಿಪಿಯಲ್ಲಿ ಇದನ್ನು ಬರೆಯಲು ಎರಡೇ ಗೆರೆಗಳು ಸಾಕು; ಬಾಲಕನೂ ಮೊದಲ ದಿನವೇ ಬರೆಯಬಲ್ಲನು. ಆದರೆ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದನ್ನು ಕುರಿತು ವಿದೇಶೀ ವಿದ್ಯಾರ್ಥಿಗಳು ವರ್ಷಗಟ್ಟಲೆ ತಲೆ ಕೆರೆದುಕೊಳ್ಳುತ್ತಾರೆ. ನಮ್ಮ ಸೋದರಿಯ ಮೊಮ್ಮಗನೊಬ್ಬನು ವೈದ್ಯವಿದ್ಯೆಗಾಗಿ ಆ ದೇಶಕ್ಕೆ ಹೋದಂದಿನಿಂದ ನಾವೂ ವಿಶ್ರಾಂತಿಯ ಹೊತ್ತನ್ನು ಆ ಭಾಷೆಯ ವ್ಯಾಕರಣವನ್ನು ಓದುವುದರಲ್ಲಿ ಕಳೆಯುತ್ತಿದ್ದೇವೆ. ಅವನು ಬರೆದು ಕೇಳುವ ಸಂದೇಹಗಳಲ್ಲಿ ಅರ್ಧಕ್ಕೆ ಹೆಚ್ಚು ಈ ಲಕಾರದವೇ ಆಗಿರುತ್ತವೆ. ಅವನಂತೆ ಭಾರತದಿಂದ ಆ ದೇಶಕ್ಕೆ ಹೋಗಿ ಓದಿದವರೂ ಓದುತ್ತಿರುವವರೂ ಬಹುಮಂದಿ ಇದ್ದಾರೆ. ಮನೆಯಲ್ಲಿ ಅಂತಹ ವಿದ್ಯಾರ್ಥಿಗಳುಳ್ಳವರಿಗೂ, ಭಾಷೆಗಳ ವೈಚಿತ್ರ್ಯದಲ್ಲಿ ಆಸಕ್ತಿಯುಳ್ಳ ಇತರ ವಾಚಕರಿಗೂ ಉಪಯೋಗವಾಗಲೆಂದು ಈ ವಿಷಯವನ್ನು ಇಲ್ಲಿ ವಿವರಿಸುತ್ತೇವೆ.

ಮೊದಲು ಭಾಷೆಯ ವಿಚಾರವಾಗಿ ಎರಡು ಮಾತು. ಚೀನಾದೇಶದಲ್ಲಿ ಪ್ರಾಂತಭಾಷೆಗಳು ಅನೇಕ. ಉತ್ತರದ ಆಡುಮಾತನ್ನೂ ಬೀಜಿಂಗ್ ನಗರದ ಉಚ್ಚಾರಣೆಯನ್ನೂ ಆಧಾರವಾಗಿಟ್ಟುಕೊಂಡು ಏರ್ಪಟ್ಟ ‘ಸಾಮಾನ್ಯ ಭಾಷೆ’ಯನ್ನು ೧೯೫೬ರಿಂದೀಚೆಗೆ ಅಲ್ಲಿನ ಸರ್ಕಾರವು ದೇಶವ್ಯಾಪಿಯಾಗಿ ಹರಡಿಸಿತು. ಇದನ್ನೇ ಪಾಶ್ಚಾತ್ಯರು ಮ್ಯಾಂಡರಿನ್ ಎಂದು ಕರೆಯುತ್ತಾರೆ. ಈ ಹೆಸರು ಚೀನಾಭಾಷೆಯದಲ್ಲ. ನಮ್ಮ ಸಂಸ್ಕೃತದ ‘ಮಂತ್ರಿನ್’ ಶಬ್ದವು ಮಲಯ ಭಾಷೆಯ ಮೂಲಕ ಪೋರ್ಚುಗೀಸರ ಬಾಯಿಗೆ ಬಿದ್ದು, ಚೀನಾದ ಅಧಿಕಾರಿಗಳಿಗೂ ಅವರಾಡುವ ಭಾಷೆಗೂ ಹೆಸರಾಗಿ ನಿಂತಿತು.

ಇಂಗ್ಲಿಷು ಓದಿದವರು ಸಾಮಾನ್ಯವಾಗಿ ಗಮನಿಸದ ಇನ್ನೊಂದು ಸಂಗತಿಯಿದೆ. ಈ ಭಾಷೆಯ ಸ್ಪರ್ಶಗಳಲ್ಲಿ ಗ, ಜ, ದ, ಬ ಎಂಬ ಘೋಷವರ್ಣಗಳಿಲ್ಲ. ಕ-ಖ, ಚ-ಛ, ತ-ಥ ಎಂಬ ಅಲ್ಪಪ್ರಾಣ ಮಹಾಪ್ರಾಣ ಭೇದದಿಂದಲೇ ಅರ್ಥವು ಬೇರೆಯಾಗುತ್ತದೆ. ರೋಮನ್ ಲಿಪಿಯಲ್ಲಿ ಈ ಭೇದವು ಮುಚ್ಚಿಹೋಗುವುದು. ವರ್ಗಾಕ್ಷರಗಳನ್ನು ಬಾಲ್ಯದಲ್ಲೇ ಒಪ್ಪಿಸಿದ ಕನ್ನಡಿಗನಿಗೆ ಇದು ಕೈಗೆ ಬಂದ ವಿದ್ಯೆ. ಆದಕಾರಣ ನಾವು ಇಲ್ಲಿ ಉದಾಹರಣೆಗಳನ್ನು ಕನ್ನಡ ಅಕ್ಷರಗಳಲ್ಲೇ ಉಚ್ಚಾರಣೆಗೆ ಹತ್ತಿರವಾಗುವಂತೆ ಬರೆದಿದ್ದೇವೆ. ‘ಫಾನ್’ ಎಂಬಲ್ಲಿನ ಫಕಾರವನ್ನು ಮಾತ್ರ ‘ಕಾಫಿ’ಯಲ್ಲಿರುವಂತೆ ಓದತಕ್ಕದ್ದು. ಆ ಭಾಷೆಯ ಒಂದೊಂದು ಅಕ್ಷರಕ್ಕೂ ನಾಲ್ಕು ಬಗೆಯ ಸ್ವರಗಳಲ್ಲಿ ಯಾವುದಾದರೊಂದು ಇರುವುದು. ಆದರೆ ನಮ್ಮ ಲಕಾರಕ್ಕೆ ಸ್ವಂತ ಸ್ವರವಿಲ್ಲ. ವೇದದಲ್ಲಿ ‘ಚ’, ‘ವಾ’ ಎಂಬ ಅವ್ಯಯಗಳು ಅನುದಾತ್ತವಾಗಿ ಹಿಂದಿನ ಪದವನ್ನು ಅಂಟಿಕೊಂಡು ನಡೆಯುವಂತೆ ಇದೂ ಹಗುರವಾಗಿ ಹಿಂದಿನ ಪದದ ಬೆನ್ನು ಹಿಡಿದು ನಡೆಯುತ್ತದೆ.

ಇನ್ನು ಪ್ರಕೃತಕ್ಕೆ ಬರೋಣ. ಚೀನಾಭಾಷೆಯಲ್ಲಿ ವಿಭಕ್ತಿಪ್ರತ್ಯಯವಿಲ್ಲ, ಲಿಂಗಭೇದದಿಂದ ಕ್ರಿಯಾಪದವು ಬದಲಾಗುವುದಿಲ್ಲ, ನಾನು, ನೀನು, ಅವನು ಎಂಬ ಪುರುಷಭೇದವೂ ಕ್ರಿಯೆಯನ್ನು ಮುಟ್ಟುವುದಿಲ್ಲ. ‘ಛಿ’ ಎಂದರೆ ಉಣ್ಣುವಿಕೆ. ಯಾರು ಉಂಡರೂ ಯಾವಾಗ ಉಂಡರೂ ‘ಛಿ’ ಎಂಬುದು ಛಿ ಆಗಿಯೇ ಇರುವುದು. ಸಂಸ್ಕೃತದ ಧಾತುರೂಪಗಳನ್ನು ಕಂಠಪಾಠ ಮಾಡಿದವನು ಇದನ್ನು ಕೇಳಿ, ‘ಆಹಾ, ಎಂತಹ ಸುಲಭವಾದ ಭಾಷೆ!’ ಎಂದು ಸಂತೋಷಪಡುವನು. ಅಷ್ಟರಲ್ಲಿ ‘ವೊ ಛಿ ಫಾನ್ ಲ’ ಎಂಬ ವಾಕ್ಯವು ಎದುರಾಗುತ್ತದೆ. ವೊ ಎಂದರೆ ನಾನು. ಫಾನ್ ಎಂದರೆ ಅನ್ನ. ವಾಕ್ಯದ ಅರ್ಥವು ‘ನನ್ನ ಊಟವಾಯಿತು’ ಎಂದು. ಹಾಗಾದರೆ ‘ಲ’ ಎಂಬುದು ಭೂತಕಾಲದ ಪ್ರತ್ಯಯವೆಂದು ವಿದ್ಯಾರ್ಥಿಯು ನಿಶ್ಚಯಿಸುವನು. ಇಂಗ್ಲಿಷಿನ ಮೂಲಕ ಕಲಿಯುವವನಿಗೆ ಈ ನಿಶ್ಚಯವು ಇನ್ನೂ ಬಲವಾಗುವುದು.

ಇದು ಇಂದಿನ ಪ್ರಮಾದವಲ್ಲ. ಹಿಂದೆ ಚೀನಾಕ್ಕೆ ಹೋದ ಐರೋಪ್ಯ ಪಾದ್ರಿಗಳು ತಮ್ಮ ಲ್ಯಾಟಿನ್ ವ್ಯಾಕರಣದ ಅಚ್ಚಿನಲ್ಲೇ ಆ ಭಾಷೆಯನ್ನು ಎರಕಹೊಯ್ಯಲು ನೋಡಿದರು. ಫ್ರಾನ್ಸಿಸ್ಕೊ ವಾರೊ ಎಂಬ ಪಾದ್ರಿಯು ಬರೆದು, ೧೭೦೩ರಲ್ಲಿ ಕ್ಯಾಂಟನ್ ನಗರದಲ್ಲಿ ಅಚ್ಚಾದ ವ್ಯಾಕರಣವು ಆ ಜಾತಿಯದು. ಚೀನೀಯರಲ್ಲೇ ಮಾ ಚ್ಯೆನ್‌ಚುಂಗ್ ಎಂಬ ವಿದ್ವಾಂಸರು ೧೮೯೮ರಲ್ಲಿ ತಮ್ಮ ಪ್ರಾಚೀನ ಸಾಹಿತ್ಯಭಾಷೆಗೆ ಬರೆದ ಪ್ರಸಿದ್ಧ ವ್ಯಾಕರಣವೂ ಲ್ಯಾಟಿನ್ ಕ್ರಮವನ್ನೇ ಅನುಸರಿಸಿತು. ಪರರ ಅಳತೆಗೋಲಿನಿಂದ ಒಂದು ಭಾಷೆಯನ್ನು ಅಳೆದರೆ, ಅಳತೆಗೆ ಸಿಕ್ಕಿದ್ದು ಮಾತ್ರ ಕಾಣುವುದು; ಸಿಕ್ಕದಿದ್ದುದು ಅಪವಾದಗಳ ಪಟ್ಟಿಗೆ ಸೇರುವುದು.

‘ಲ’ ಎಂಬುದು ಭೂತಕಾಲವೇ ಆಗಿದ್ದರೆ ಈ ಕೆಳಗಿನ ವಾಕ್ಯಗಳಿಗೆ ಏನು ಗತಿ? ಮನೆಯ ಬಾಗಿಲಲ್ಲಿ ನಿಂತು ಹನಿ ಬೀಳಲಾರಂಭಿಸಿದುದನ್ನು ಕಂಡ ಚೀನೀಯನು ‘ಶ್ಯಾ ಯ್ಯೂ ಲ’ ಎನ್ನುವನು. ಮಳೆಯು ಆಗಿಹೋದದ್ದಲ್ಲ, ಈಗ ಸುರಿಯುತ್ತಿದೆ. ಒಳಗಿನಿಂದ ಕರೆದರೆ, ಹೊರಗಿದ್ದವನು ಹೆಜ್ಜೆಯನ್ನೇ ಇಡದೆ ‘ಲಾಯ್ ಲ!’ ಎಂದು ಕೂಗುವನು. ಲಾಯ್ ಎಂದರೆ ಬರುವಿಕೆ, ಅವನಿನ್ನೂ ಬಂದಿಲ್ಲ. ಗೆಳೆಯರ ಮನೆಯಿಂದ ಏಳುವವನು ಇನ್ನೂ ಕುರ್ಚಿಯ ಬಳಿಯಲ್ಲೇ ಇದ್ದು ‘ವೊ ತ್ಸೋವ್ ಲ’ ಎನ್ನುವನು. ತ್ಸೋವ್ ಎಂದರೆ ಹೊರಡುವಿಕೆ. ಅಂಗಡಿಯಲ್ಲಿ ಬೆಲೆಯನ್ನು ಕೇಳಿದ ಗೃಹಿಣಿಯು ‘ಥಾಯ್ ಕುಯ್ ಲ’ ಎನ್ನುವಳು. ಕುಯ್ ಎಂದರೆ ದುಬಾರಿ. ಆ ಬೆಲೆ ಹಿಂದೊಮ್ಮೆ ದುಬಾರಿಯಾಗಿತ್ತೆಂದು ಅವಳ ಅಭಿಪ್ರಾಯವಲ್ಲ. ಈಗ ದುಬಾರಿಯೆಂದೇ ಅವಳ ಜಗಳ. ಇಂಗ್ಲಿಷಿಗೆ ಪರಿವರ್ತಿಸಿದರೆ ಈ ನಾಲ್ಕು ವಾಕ್ಯಗಳಲ್ಲಿ ಒಂದರಲ್ಲಿಯೂ ಭೂತಕಾಲವು ಬರುವುದಿಲ್ಲ. ಆದಕಾರಣ ಇಂಗ್ಲಿಷಿನ ದಾರಿಯಲ್ಲಿ ಬಂದ ವಿದ್ಯಾರ್ಥಿಯು ಇಲ್ಲಿ ದಿಕ್ಕುಗೆಟ್ಟು ನಿಲ್ಲುವನು.

ಆದರೆ ಕನ್ನಡಿಗನು ಏಕೆ ದಿಕ್ಕುಗೆಡಬೇಕು? ಮೋಡ ಕವಿದು ಮೊದಲ ಹನಿ ಬಿದ್ದೊಡನೆ ನಮ್ಮ ಮನೆಯ ಹೆಂಗಸರು ಏನೆಂದು ಕೂಗುತ್ತಾರೆ? ‘ಮಳೆ ಬಂತು, ಬಟ್ಟೆ ತೆಗೆಯಿರಿ’ ಎಂದಲ್ಲವೆ? ಕರೆದವರಿಗೆ ನಾವು ಕೂತಲ್ಲಿಂದಲೇ ಕೊಡುವ ಉತ್ತರವು ‘ಇಗೋ ಬಂದೆ!’ ಎಂದು. ಜಗಲಿಯ ಮೇಲೆ ಕುಳಿತೇ ‘ಇನ್ನು ನಾನು ಹೊರಟೆ’ ಎನ್ನುತ್ತೇವೆ. ಸಂತೆಯಲ್ಲಿ ಬೆಲೆ ಕೇಳಿ ‘ಬಹಳ ಹೆಚ್ಚಾಯಿತು’ ಎನ್ನುತ್ತೇವೆ. ನಾಲ್ಕಕ್ಕೆ ನಾಲ್ಕೂ ಸರಿಹೋದವು! ‘ಥಾಯ್ ಹಾವ್ ಲ’ ಎಂದು ಅವರು ಹೇಳುವ ಕಡೆ ನಾವು ‘ಬಹಳ ಒಳ್ಳೆಯದಾಯಿತು’ ಎನ್ನುತ್ತೇವೆ. ‘ಥ್ಯೆನ್ ಲಂಗ್ ಲ’ ಎಂದರೆ ‘ಚಳಿಯಾಯಿತು’. ‘ವೊ ಚಿತಾವ್’ ಎಂದರೆ ‘ನನಗೆ ಗೊತ್ತು’. ‘ವೊ ಚಿತಾವ್ ಲ’ ಎಂದರೆ ‘ನನಗೆ ತಿಳಿಯಿತು’. ಈಗ ತಾನೆ ಹೇಳಿದುದರಿಂದ ತಿಳಿಯಿತೆಂಬ ಭಾವವು ಎರಡು ಭಾಷೆಗಳಲ್ಲಿಯೂ ಒಂದೇ.

ಇದರಿಂದ ಏನು ಸಿದ್ಧವಾಗುತ್ತದೆ? ನಮ್ಮ ಶಾಲೆಯ ಪುಸ್ತಕಗಳಲ್ಲಿ ‘ಬಂದೆನು’, ‘ಆಯಿತು’ ಎಂಬ ರೂಪಗಳನ್ನು ಭೂತಕಾಲವೆಂದು ಕಲಿಸುತ್ತೇವೆ. ನಾವೂ ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಹಾಗೆಯೇ ಕಲಿಸಿದ್ದೇವೆ. ಬಾಲಕರಿಗೆ ಅದು ಸಾಕು. ಆದರೆ ಆಡುವ ನಾಲಗೆಯು ಪುಸ್ತಕಕ್ಕಿಂತ ಸೂಕ್ಷ್ಮವಾದುದು. ‘ಆಯಿತು’ ಎಂಬಲ್ಲಿ ಹೊತ್ತು ಕಳೆದುದೇ ಮುಖ್ಯವಲ್ಲ. ಹಿಂದಿದ್ದ ಸ್ಥಿತಿಯು ತಪ್ಪಿ ಹೊಸ ಸ್ಥಿತಿಯು ಒದಗಿತೆಂಬುದೇ ಮುಖ್ಯ. ಚೀನಾಭಾಷೆಯ ವಾಕ್ಯಾಂತ್ಯದ ಲಕಾರವು ಈ ಒದಗುವಿಕೆಯನ್ನು ಮಾತ್ರ ಹೇಳುತ್ತದೆ; ಕಾಲವನ್ನು ಹೇಳುವ ಕೆಲಸವನ್ನು ‘ನಿನ್ನೆ’, ‘ಈಗ’, ‘ನಾಳೆ’ ಎಂಬ ಶಬ್ದಗಳಿಗೆ ಬಿಟ್ಟುಕೊಡುತ್ತದೆ. ಲಿ ಮತ್ತು ಥಾಂಪ್ಸನ್ ಎಂಬ ಇಬ್ಬರು ಪಂಡಿತರು ೧೯೮೧ರಲ್ಲಿ ಪ್ರಕಟಿಸಿದ ದೊಡ್ಡ ವ್ಯಾಕರಣದಲ್ಲಿ ಇದನ್ನು ಪ್ರಸ್ತುತ ಸಂದರ್ಭಕ್ಕೆ ಸಂಬಂಧಪಟ್ಟ ಸ್ಥಿತಿಯ ಸೂಚನೆಯೆಂದು ನಿರೂಪಿಸಿದ್ದಾರೆ.

ಈಗ ಎರಡನೆಯ ತೊಡಕು. ಲಕಾರವು ವಾಕ್ಯದ ಕೊನೆಯಲ್ಲಿ ಮಾತ್ರವಲ್ಲದೆ, ಕ್ರಿಯೆಗೂ ಕರ್ಮಕ್ಕೂ ನಡುವೆಯೂ ಬರುವುದು. ‘ವೊ ಛಿ ಲ ಲ್ಯಾಂಗ್ ವಾನ್ ಫಾನ್’ ಎಂದರೆ ‘ನಾನು ಎರಡು ಬಟ್ಟಲು ಅನ್ನವನ್ನು ಉಂಡೆನು’ ಎಂದರ್ಥ. ಇಲ್ಲಿ ಛಿ ಎಂಬ ಕ್ರಿಯೆಯನ್ನೇ ಲಕಾರವು ಹಿಡಿದುಕೊಂಡಿದೆ. ಹೀಗೆ ಕ್ರಿಯೆಗೆ ಹತ್ತಿದ ಲಕಾರವು, ಆ ಕ್ರಿಯೆಯು ಮೊದಲುಗೊಂಡು ತುದಿಮುಟ್ಟಿತೆಂದು ಹೇಳುತ್ತದೆ. ಆದುದರಿಂದಲೇ ಎಷ್ಟು ಬಟ್ಟಲು, ಎಷ್ಟು ಹೊತ್ತು, ಎಷ್ಟು ಸಲ ಎಂಬ ಪರಿಮಾಣವು ಬಂದಲ್ಲಿ ಇದು ಸಹಜವಾಗಿ ಒಪ್ಪುವುದು. ಪರಿಮಾಣವಿಲ್ಲದೆ ‘ವೊ ಛಿ ಲ ಫಾನ್’ ಎಂದು ಹೇಳಿ ನಿಲ್ಲಿಸಿದರೆ ಕೇಳುವವನು ‘ಸರಿ, ಮುಂದೆ?’ ಎಂಬಂತೆ ನಮ್ಮ ಮುಖವನ್ನು ನೋಡುತ್ತಾನೆ. ಏಕೆಂದರೆ ಅವನ ಕಿವಿಗೆ ಅದು ಪೂರ್ಣವಾಕ್ಯವಲ್ಲ.

ಏಕೆ ಪೂರ್ಣವಲ್ಲ? ಇದಕ್ಕೂ ಕನ್ನಡವೇ ಉತ್ತರವನ್ನು ಕೊಡುತ್ತದೆ. ‘ಮಿಂಗ್‌ಥ್ಯೆನ್ ವೊ ಛಿ ಲ ಫಾನ್ ಚ್ಯು ಛ್ಯು’ ಎಂಬ ವಾಕ್ಯವನ್ನು ನೋಡಿರಿ. ಮಿಂಗ್‌ಥ್ಯೆನ್ ಎಂದರೆ ನಾಳೆ. ಛ್ಯು ಎಂದರೆ ಹೋಗುವಿಕೆ. ‘ನಾಳೆ ನಾನು ಉಂಡು ಹೋಗುತ್ತೇನೆ’ ಎಂದು ಇದರ ಅರ್ಥ. ನಾಳೆಯ ಮಾತಿನಲ್ಲಿ ಭೂತಕಾಲವೆಲ್ಲಿಂದ ಬಂತೆಂದು ಇಂಗ್ಲಿಷು ಪುಸ್ತಕದ ವಿದ್ಯಾರ್ಥಿಯು ಬೆರಗಾಗುವನು. ಆದರೆ ನಮ್ಮ ‘ಉಂಡು’ ಎಂಬ ರೂಪವನ್ನು ಯಾರಾದರೂ ಗಮನಿಸಿದ್ದಾರೆಯೆ? ‘ಉಂಡೆನು’ ಎಂಬಲ್ಲಿರುವ ಭೂತಕಾಲದ ಅಂಗವೇ ‘ಉಂಡು’ ಎಂಬಲ್ಲಿಯೂ ಇದೆ. ಆದರೂ ‘ನಾಳೆ ಉಂಡು ಹೋಗುತ್ತೇನೆ’ ಎನ್ನುವಾಗ ನಮಗೆ ಯಾವ ವಿರೋಧವೂ ತೋರುವುದಿಲ್ಲ. ಉಣ್ಣುವಿಕೆ ಮೊದಲು ಮುಗಿಯುವುದು, ಹೋಗುವಿಕೆ ಆಮೇಲೆ; ಎರಡೂ ನಾಳೆಯವೇ. ಸಂಸ್ಕೃತದಲ್ಲಿ ಪಾಣಿನಿಯು ಹೇಳಿದ ಕ್ತ್ವಾ ಪ್ರತ್ಯಯದ ಅರ್ಥವೂ ಇದೇ: ಒಬ್ಬನೇ ಕರ್ತೃವು ಮಾಡುವ ಎರಡು ಕ್ರಿಯೆಗಳಲ್ಲಿ ಪೂರ್ವದಲ್ಲಿ ನಡೆಯುವುದನ್ನು ‘ಭುಕ್ತ್ವಾ’ ಎಂಬಂತೆ ಹೇಳುತ್ತೇವೆ. ಈ ಪೂರ್ವಕಾಲವು ಗಡಿಯಾರದ ಭೂತಕಾಲವಲ್ಲ. ಇನ್ನೊಂದು ಕ್ರಿಯೆಯ ಅಪೇಕ್ಷೆಯಿಂದ ಏರ್ಪಟ್ಟದ್ದು. ‘ನಾನು ಉಂಡು’ ಎಂದು ಹೇಳಿ ಬಾಯಿ ಮುಚ್ಚಿದರೆ ನಮ್ಮ ಮನೆಯವರೂ ‘ಮುಂದೆ?’ ಎಂದು ಕೇಳುವರಷ್ಟೆ! ಚೀನೀಯನ ಕಿವಿಯು ‘ಛಿ ಲ ಫಾನ್’ ಎಂಬಲ್ಲಿ ಕಾಯುವುದೂ ಅದಕ್ಕಾಗಿಯೇ.

ಎರಡು ಲಕಾರಗಳೂ ಒಂದೆಯೋ ಬೇರೆಯೋ ಎಂದು ಪಂಡಿತರಲ್ಲಿ ಚರ್ಚೆಯುಂಟು. ಬೇರೆಯೆನ್ನುವವರಿಗೆ ದಕ್ಷಿಣದ ಕ್ಯಾಂಟನ್ ಪ್ರಾಂತದ ಭಾಷೆಯು ಒಳ್ಳೆಯ ಸಾಕ್ಷಿ. ಅಲ್ಲಿ ಕ್ರಿಯೆಗೆ ಹತ್ತುವುದು ‘ಚೊ’ ಎಂಬ ಅಕ್ಷರ, ವಾಕ್ಯಾಂತ್ಯಕ್ಕೆ ಬರುವುದು ‘ಲಾ’ ಎಂಬ ಬೇರೆ ಅಕ್ಷರ. ಉತ್ತರದ ಭಾಷೆಯಲ್ಲಿ ಇಬ್ಬರೂ ಒಂದೇ ವೇಷವನ್ನು ತೊಟ್ಟಿರುವುದರಿಂದಲೇ ಗೊಂದಲ. ಇಬ್ಬರೂ ಕೂಡಿ ಒಂದೇ ವಾಕ್ಯದಲ್ಲಿ ಬಂದಾಗ ಭೇದವು ಚೆನ್ನಾಗಿ ತೋರುವುದು. ‘ವೊ ಶ್ಯುಎ ಲ ಸಾನ್ ನ್ಯೆನ್’ ಎಂದರೆ ‘ನಾನು ಮೂರು ವರ್ಷ ಕಲಿತೆನು’. ಬಹುಶಃ ಈಗ ಬಿಟ್ಟಿದ್ದಾನೆ. ಕೊನೆಯಲ್ಲಿ ಇನ್ನೊಂದು ಲಕಾರವನ್ನು ಸೇರಿಸಿ ‘ವೊ ಶ್ಯುಎ ಲ ಸಾನ್ ನ್ಯೆನ್ ಲ’ ಎಂದರೆ ‘ನಾನು ಕಲಿಯತೊಡಗಿ ಇಲ್ಲಿಗೆ ಮೂರು ವರ್ಷವಾಯಿತು’ ಎಂದರ್ಥ. ಕಲಿಕೆಯು ಸಾಮಾನ್ಯವಾಗಿ ಇನ್ನೂ ನಡೆದಿದೆ. ಕನ್ನಡದಲ್ಲಿಯೂ ಎರಡನೆಯದಕ್ಕೆ ‘ಆಯಿತು’ ಎಂಬುದೇ ಬಂದು ನಿಂತಿತಲ್ಲವೆ?

ಮೂರನೆಯ ತೊಡಕು ನಿಷೇಧದ್ದು. ‘ಉಣ್ಣಲಿಲ್ಲ’ ಎನ್ನಲು ಚೀನೀಯನು ‘ವೊ ಮೇಯ್ ಛಿ’ ಎನ್ನುವನು. ಇಲ್ಲಿ ಲಕಾರವನ್ನು ಹಾಕಬಾರದು. ಹಾಕುವುದು ಹೊಸಬರೆಲ್ಲರೂ ಮಾಡುವ ತಪ್ಪು. ನಡೆಯದ ಕ್ರಿಯೆಗೆ ತುದಿಮುಟ್ಟುವಿಕೆಯೆಲ್ಲಿಯದು? ಕನ್ನಡವೂ ಇದೇ ತರ್ಕವನ್ನು ಹಿಡಿದಿದೆ. ‘ಮಾಡಿದೆನು’ ಎಂಬಲ್ಲಿರುವ ದಕಾರವು ‘ಮಾಡಲಿಲ್ಲ’ ಎಂಬಲ್ಲಿ ಮಾಯವಾಗುವುದು. ಹಳಗನ್ನಡದ ‘ಮಾಡೆಂ’ ಎಂಬ ನಿಷೇಧರೂಪಕ್ಕೆ ಕಾಲಪ್ರತ್ಯಯವೇ ಇಲ್ಲ. ಮೂರು ಕಾಲಕ್ಕೂ ಅದೊಂದೇ.

ಆದರೆ ವಾಕ್ಯಾಂತ್ಯದ ಲಕಾರಕ್ಕೆ ನಿಷೇಧದೊಡನೆ ವಿರೋಧವಿಲ್ಲ; ಇಲ್ಲದಿರುವುದೂ ಒಂದು ಹೊಸ ಸ್ಥಿತಿಯಾಗಬಹುದಷ್ಟೆ. ‘ಮೇಯ್ ಛ್ಯೆನ್’ ಎಂದರೆ ಹಣವಿಲ್ಲ. ‘ಮೇಯ್ ಛ್ಯೆನ್ ಲ’ ಎಂದರೆ ಇದ್ದ ಹಣವು ಮುಗಿಯಿತು. ಅತಿಥಿಯು ‘ವೊ ಪು ಛಿ’ ಎಂದರೆ ‘ನಾನು ತಿನ್ನುವುದಿಲ್ಲ’ ಎಂಬ ಬಿರುಸಾದ ನಿರಾಕರಣೆ. ‘ವೊ ಪು ಛಿ ಲ’ ಎಂದರೆ ‘ಇಷ್ಟು ಹೊತ್ತು ತಿಂದೆ, ಇನ್ನು ಸಾಕು’ ಎಂಬ ತೃಪ್ತಿಯ ಮಾತು. ಬಡಿಸುವ ಮನೆಯಾಕೆಗೆ ಈ ಎರಡರ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ!

ಊಟದ ಮನೆಯಲ್ಲಿ ತಪ್ಪಿದರೆ ನಗೆಯಲ್ಲಿ ಮುಗಿಯುವುದು. ಆಸ್ಪತ್ರೆಯಲ್ಲಿ ತಪ್ಪಿದರೆ ಹಾಗಲ್ಲ. ವೈದ್ಯವಿದ್ಯೆಗೆ ಹೋದ ನಮ್ಮ ಹುಡುಗರಿಗೆ ಪಾಠವು ಅನೇಕ ಕಡೆ ಇಂಗ್ಲಿಷಿನಲ್ಲಿ ನಡೆದರೂ ರೋಗಿಗಳು ಆಡುವುದು ಚೀನಾಭಾಷೆಯನ್ನೇ. ನೋವಿಗೆ ಆ ಭಾಷೆಯಲ್ಲಿ ‘ಥಂಗ್’ ಎನ್ನುತ್ತಾರೆ. ಹೊಟ್ಟೆಯನ್ನು ಒತ್ತಿ ಕೇಳಿದಾಗ ರೋಗಿಯು ‘ಪು ಥಂಗ್’ ಎಂದರೆ ಅಲ್ಲಿ ನೋವಿಲ್ಲ ಎಂದಷ್ಟೇ ಅರ್ಥ. ‘ಪು ಥಂಗ್ ಲ’ ಎಂದರೆ ಮೊದಲು ನೋವಿತ್ತು, ಈಗ ಹೋಯಿತು ಎಂದರ್ಥ. ಮೊದಲನೆಯದರಲ್ಲಿ ರೋಗದ ಪೂರ್ವವೃತ್ತಾಂತವಿಲ್ಲ, ಎರಡನೆಯದರಲ್ಲಿ ಇದೆ. ಇದ್ದ ನೋವು ತಾನಾಗಿ ನಿಂತುಹೋದುದು ಕೆಲವು ವ್ಯಾಧಿಗಳಲ್ಲಿ ಶುಭಲಕ್ಷಣವಲ್ಲವೆಂದು ವೈದ್ಯರು ಹೇಳುತ್ತಾರೆ. ಒಂದು ಹಗುರವಾದ ಅಕ್ಷರವನ್ನು ಕಿವಿಯು ಜಾರಿಬಿಟ್ಟರೆ, ಆ ವೃತ್ತಾಂತವೆಲ್ಲ ಜಾರಿಹೋಗುವುದು. ಆದಕಾರಣ ಇದು ಕೇವಲ ವೈಯಾಕರಣರ ವಿನೋದವೆಂದು ಭಾವಿಸಬಾರದು.

ಇನ್ನು ಕನ್ನಡದ ಸಹಾಯಕ್ಕೂ ಒಂದು ಎಲ್ಲೆಯಿದೆ. ‘ನಿನ್ನೆ ನನಗೆ ಬಹಳ ಕೆಲಸವಿತ್ತು’ ಎಂಬಲ್ಲಿ ನಾವು ಭೂತರೂಪವನ್ನು ಹಾಕುತ್ತೇವೆ. ಚೀನೀಯನು ಲಕಾರವನ್ನು ಹಾಕುವುದಿಲ್ಲ. ‘ಅವನು ಹಿಂದೆ ಉಪಾಧ್ಯಾಯನಾಗಿದ್ದನು’, ‘ಚಿಕ್ಕಂದಿನಲ್ಲಿ ನಾನು ಅಲ್ಲಿಗೆ ಆಗಾಗ ಹೋಗುತ್ತಿದ್ದೆನು’ ಎಂಬ ವಾಕ್ಯಗಳಲ್ಲಿಯೂ ಹಾಕುವುದಿಲ್ಲ. ಆದರೆ ‘ಅವನು ಉಪಾಧ್ಯಾಯನಾದನು’ ಎಂಬಲ್ಲಿ ಲಕಾರವು ಒಪ್ಪುತ್ತದೆ. ಈ ವಾಕ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸೂತ್ರವು ತಾನಾಗಿ ಹೊಳೆಯುವುದು. ಕನ್ನಡದಲ್ಲಿ ‘ಇರು’ ಧಾತುವಿನ ಇತ್ತು, ಇದ್ದನು ಎಂಬ ರೂಪಗಳಿಂದ ಒಂದು ಸ್ಥಿತಿಯನ್ನಾಗಲಿ ಅಭ್ಯಾಸವನ್ನಾಗಲಿ ವರ್ಣಿಸುವಲ್ಲಿ ಲಕಾರವಿಲ್ಲ. ‘ಆಗು’ ಧಾತುವಿನ ಆಯಿತು, ಆದನು ಎಂಬುದಾಗಲಿ, ಆ ಭಾವವುಳ್ಳ ಬಂತು, ಹೋಯಿತು, ಮುಗಿಯಿತು ಎಂಬುದಾಗಲಿ ಬರುವಲ್ಲಿ ಲಕಾರವುಂಟು. ಇದ್ದುದಕ್ಕೆ ಇಲ್ಲ, ಆದುದಕ್ಕೆ ಉಂಟು ಎಂದು ನೆನಪಿಟ್ಟುಕೊಂಡರೆ ಹತ್ತರಲ್ಲಿ ಎಂಟು ಕಡೆ ಕೆಲಸ ನಡೆಯುವುದು.

ಉಳಿದ ಎರಡು ಕಡೆಗಳಲ್ಲಿ ಒಂದನ್ನು ಇಲ್ಲೇ ಹೇಳಿಬಿಡುತ್ತೇವೆ. ‘ನಾನು ಬೀಜಿಂಗಿಗೆ ಹೋಗಿಬಂದವನು’ ಎಂದು ಅನುಭವವನ್ನು ಹೇಳುವಾಗ ಅವರು ಲಕಾರವನ್ನು ಬಿಟ್ಟು, ಕ್ರಿಯೆಯ ಬಳಿ ‘ಕುವೊ’ ಎಂಬ ಬೇರೊಂದು ಅಕ್ಷರವನ್ನು ಇಡುತ್ತಾರೆ. ಲಕಾರವನ್ನಿಟ್ಟರೆ ‘ಹೋದನು’ ಎಂದಾಗುವುದು; ಹೋದವನು ಬಹುಮಟ್ಟಿಗೆ ಇನ್ನೂ ಅಲ್ಲಿಯೇ ಇದ್ದಾನೆಂದು ಕೇಳುವವನು ಭಾವಿಸುವನು.

ಈ ಲಕಾರವು ಎಲ್ಲಿಂದ ಬಂತು? ಬರೆಯುವ ಅಕ್ಷರವು ‘ಲ್ಯಾವ್’ ಎಂಬ ಶಬ್ದದ್ದು. ಮುಗಿಯುವಿಕೆಯೆಂದು ಅದರ ಅರ್ಥ. ಥಾಂಗ್ ರಾಜವಂಶದ (೬೧೮–೯೦೭) ಕಾಲದ ಬರಹಗಳಲ್ಲಿ ಅದು ‘ಅನ್ನ ಉಂಡು ಮುಗಿಯಿತು’ ಎಂಬಂತೆ ಕರ್ಮದ ನಂತರ ಬರುತ್ತಿತ್ತು. ಆ ಕಾಲದ ಕೊನೆಯಿಂದ ಸುಂಗ್ ವಂಶದ (೯೬೦–೧೨೭೯) ಕಾಲದೊಳಗೆ ಕ್ರಮಕ್ರಮವಾಗಿ ಕ್ರಿಯೆಯ ಮಗ್ಗುಲಿಗೇ ಸರಿದು, ಸ್ವರವನ್ನು ಕಳೆದುಕೊಂಡು, ಸವೆದು ಸವೆದು ‘ಲ’ ಎಂದಾಯಿತು. ವಾಕ್ಯಾಂತ್ಯದ ಲಕಾರವಾದರೋ ‘ಲಾಯ್’, ಎಂದರೆ ಬರುವಿಕೆ, ಎಂಬ ಶಬ್ದವು ಸವೆದು ಆದುದಿರಬಹುದೆಂದು ಚಾವ್ ಯುವೆನ್‌ರೆನ್ (೧೮೯೨–೧೯೮೨) ಎಂಬ ಪ್ರಸಿದ್ಧ ಭಾಷಾಶಾಸ್ತ್ರಜ್ಞರು ಊಹಿಸಿದರು. ಮಳೆ ‘ಬಂತು’, ಹಸಿವು ‘ಬಂತು’, ನಿದ್ದೆ ‘ಬಂತು’ ಎನ್ನುವ ನಮಗೆ ಆ ಊಹೆಯು ಅಸಂಭವವೆಂದು ತೋರುವುದಿಲ್ಲ.

ಇಲ್ಲಿ ಸಂಸ್ಕೃತಾಭಿಮಾನಿಗಳು ಕೇಳತಕ್ಕ ಒಂದು ವಿಶೇಷವಿದೆ. ಲ್ಯಾವ್ ಶಬ್ದವು ಈ ಕೆಲಸಕ್ಕೆ ನಿಲ್ಲುವ ಮೊದಲು, ಅದೇ ಸ್ಥಾನದಲ್ಲಿ ‘ಯೀ’ ಎಂಬ ಇನ್ನೊಂದು ಶಬ್ದವು ಬರುತ್ತಿತ್ತು. ಬೌದ್ಧಗ್ರಂಥಗಳ ಚೀನೀ ಭಾಷಾಂತರಗಳಲ್ಲಿ ಅದು ಹೇರಳವಾಗಿದೆ. ಪೀಕಿಂಗ್ ವಿಶ್ವವಿದ್ಯಾನಿಲಯದ ಚ್ಯಾಂಗ್ ಶಾವ್‌ಯ್ಯೂ ಎಂಬ ಪಂಡಿತರು ೨೦೦೧ರಲ್ಲಿ ಅಂತಹ ಗ್ರಂಥಗಳನ್ನು ಪರಿಶೀಲಿಸಿ, ಸಂಸ್ಕೃತದ ಕ್ತ್ವಾಂತಗಳನ್ನು, ಎಂದರೆ ‘ಶ್ರುತ್ವಾ’, ‘ದೃಷ್ಟ್ವಾ’ ಎಂಬಂತಹ ರೂಪಗಳನ್ನು, ಭಾಷಾಂತರಿಸಲು ಈ ಯೀ ಶಬ್ದವನ್ನು ಬಳಸಿದರೆಂದೂ, ಆ ಬಳಕೆಯೇ ಮುಂದೆ ಲ್ಯಾವ್ ಶಬ್ದಕ್ಕೆ ದಾರಿಮಾಡಿತೆಂದೂ ಪ್ರತಿಪಾದಿಸಿದ್ದಾರೆ. ಈ ಮತವು ನಿಲ್ಲುವುದಾದರೆ, ಇಂದು ಚೀನೀಯರ ನಾಲಗೆಯ ಮೇಲೆ ಕ್ಷಣಕ್ಷಣಕ್ಕೂ ಕುಣಿಯುವ ಈ ಅಕ್ಷರದ ವಂಶವೃಕ್ಷದಲ್ಲಿ ನಮ್ಮ ಕ್ತ್ವಾ ಪ್ರತ್ಯಯಕ್ಕೂ ಒಂದು ಕೊಂಬೆ ಸಲ್ಲುವುದು.

ಕಷ್ಟವು ಒಂದು ಪಕ್ಷದ್ದು ಮಾತ್ರವಾಗಿರಲಿಲ್ಲವೆಂಬುದನ್ನೂ ಮರೆಯಬಾರದು. ಚಾಲುಕ್ಯರ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕುರಿತು ಬರೆದಿಟ್ಟ ಯಾತ್ರಿಕನಾದ ಹ್ಯೂಯೆನ್‌ತ್ಸಾಂಗನು ನಾಲಂದದಲ್ಲಿ ಸಂಸ್ಕೃತವನ್ನು ಅಭ್ಯಾಸಮಾಡಿ ೬೪೫ರಲ್ಲಿ ಸ್ವದೇಶಕ್ಕೆ ಹಿಂದಿರುಗಿದನು. ಅವನ ಶಿಷ್ಯರು ಬರೆದ ಜೀವನಚರಿತ್ರೆಯಲ್ಲಿ ಪಾಣಿನೀಯ ಸಂಪ್ರದಾಯದ ತಿಙಂತಗಳಿಗೆ ೧೮ ರೂಪಗಳೆಂದೂ, ಸುಬಂತಗಳಿಗೆ ೨೪ ರೂಪಗಳೆಂದೂ ವಿವರವಾಗಿ ಹೇಳಿದೆ. ೬೭೧ರಲ್ಲಿ ಹೊರಟು ೬೯೫ರಲ್ಲಿ ಹಿಂದಿರುಗಿದ ಇತ್ಸಿಂಗನು ನಮ್ಮ ದೇಶದ ವ್ಯಾಕರಣ ವಿದ್ಯಾಭ್ಯಾಸಕ್ರಮವನ್ನು ವರ್ಣಿಸುತ್ತ, ಲಟ್, ಲಿಟ್, ಲಙ್ ಮೊದಲಾದ ಹತ್ತು ಲಕಾರಗಳ ಪ್ರಸ್ತಾಪವನ್ನೂ, ಅವುಗಳಿಂದ ಮೂರು ಕಾಲಗಳ ಭೇದವು ತೋರುವುದೆಂಬುದನ್ನೂ ತನ್ನ ದೇಶದವರಿಗೆ ತಿಳಿಸಿದ್ದಾನೆ. ಕ್ರಿಯಾಪದವು ಎಂದೂ ಬದಲಾಗದ ಭಾಷೆಯಲ್ಲಿ ಹುಟ್ಟಿ ಬೆಳೆದವನು ನಮ್ಮ ಹತ್ತು ಲಕಾರಗಳನ್ನು ಕಲಿಯಲು ಎಷ್ಟು ಶ್ರಮಪಟ್ಟಿರಬೇಕು! ಅದರ ಮುಂದೆ ಅವರ ಒಂದು ಲಕಾರವನ್ನು ಕಲಿಯುವುದು ನಮಗೆ ಹೆಚ್ಚಿನ ಭಾರವೇನೂ ಅಲ್ಲ.

ಗೃಹಸ್ಥರಾದ ವಾಚಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಮಕ್ಕಳು ಇಂದು ಯಾವ ಪರಭಾಷೆಯನ್ನು ಕಲಿತರೂ ಇಂಗ್ಲಿಷು ಪುಸ್ತಕಗಳ ಮೂಲಕವೇ ಕಲಿಯುತ್ತಾರೆ. ಆ ಪುಸ್ತಕಗಳು ಇಂಗ್ಲಿಷನ್ನಾಡುವವರ ತೊಡಕುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ನಮ್ಮ ಹುಡುಗನು ಅವುಗಳನ್ನೋದಿ, ತನಗಿಲ್ಲದ ತೊಡಕನ್ನೂ ತಲೆಯ ಮೇಲೆ ಹಾಕಿಕೊಳ್ಳುತ್ತಾನೆ; ತನ್ನ ಮನೆಯ ಮಾತಿನಲ್ಲೇ ಇರುವ ಉತ್ತರವನ್ನು ಕಾಣದೆ ಹೋಗುತ್ತಾನೆ. ಅವನು ಅಂತಹ ಪಾಠವನ್ನು ಓದುತ್ತಿರುವಾಗ, ತಾಯಿಯಾಗಲಿ ಅಜ್ಜಿಯಾಗಲಿ ಹತ್ತಿರ ಕುಳಿತು ‘ಇದನ್ನು ನಾವು ಹೇಗೆ ಹೇಳುತ್ತೇವೆ?’ ಎಂದು ಒಂದು ಮಾತು ಕೇಳಿದರೆ ಸಾಕು. ಅದಕ್ಕೆ ಚೀನಾಭಾಷೆಯ ಒಂದಕ್ಷರವೂ ಗೊತ್ತಿರಬೇಕಾಗಿಲ್ಲ. ನಮ್ಮ ಹುಡುಗನಿಗೆ ನಾವು ‘ಇದ್ದುದಕ್ಕೆ ಇಲ್ಲ, ಆದುದಕ್ಕೆ ಉಂಟು’ ಎಂಬ ಮಾತನ್ನು ಬರೆದು ಕಳುಹಿಸಿದೆವು. ಅವನಿಂದ ಬಂದ ಉತ್ತರವು ಎರಡೇ ಅಕ್ಷರದ್ದು: ‘ತುಂಗ್ ಲ’. ಅರ್ಥವಾಯಿತು ಎಂದು ಅದರ ಅರ್ಥ. ಲಕಾರವು ಇರಬೇಕಾದ ಸ್ಥಳದಲ್ಲೇ ಇತ್ತು.